ಬೆನ್ನಿಗೆ ಬಂದ ಲಾರಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಐ-94 ಎಂಬ ಹೆದ್ದಾರಿ ಇದೆ. ಡೆಟ್ರಾಯಿಟ್ ಊರಿನ ನಡುವೆ ಹಾದು, ರಾಜ್ಯವನ್ನು ಅಡ್ಡಡ್ಡ ದಾಟಿ, ಷಿಕಾಗೊ ಕಡೆಗೆ ಹೋಗುತ್ತದೆ. ಕಾರು ಕಾರ್ಖಾನೆಗಳಿಗೆ ಬಿಡಿಭಾಗ ಹೊರುವ ಲಾರಿ, ಕೆನಡಾಕ್ಕೆ ಹೋಗಿಬರುವ ಲಾರಿ, ಎಲ್ಲಕ್ಕೂ ಇದೇ ದಾರಿ. ಹಗಲಿರುಳು ಸಾಲು ಕಡಿಯುವುದಿಲ್ಲ. 2015ರ ಜನವರಿ 9ರ ಬೆಳಿಗ್ಗೆ, ಬ್ಯಾಟಲ್ ಕ್ರೀಕ್ ಮತ್ತು ಕಲಮಜೂ ಎಂಬ ಎರಡು ಊರುಗಳ ನಡುವೆ, ಗೇಲ್ಸ್‌ಬರ್ಗ್ ಹತ್ತಿರ, ಈ ರಸ್ತೆಯಲ್ಲಿ 193 ವಾಹನಗಳು ಒಂದರ ಬೆನ್ನಿಗೊಂದು ಗುದ್ದಿಕೊಂಡವು. ಅವುಗಳಲ್ಲಿ 76 ದೊಡ್ಡ ಲಾರಿಗಳು. ಒಂದು ಲಾರಿಯ ತುಂಬ ಪಟಾಕಿ, ಸುಮಾರು 18 ಟನ್. ಇನ್ನೊಂದರಲ್ಲಿ ಫಾರ್ಮಿಕ್ ಆಮ್ಲ. ಪಟಾಕಿಗೆ ಬೆಂಕಿ ಬಿದ್ದು, ಹಿಮ ಸುರಿಯುತ್ತಿರುವಾಗಲೇ ಆಕಾಶದಲ್ಲಿ ದೀಪಾವಳಿ ನಡೆಯಿತು. ಇಷ್ಟಾಗಿಯೂ ಸತ್ತವರು ಒಬ್ಬರು, ಒಬ್ಬ ಲಾರಿ ಚಾಲಕ.

ನೂರಾತೊಂಬತ್ತಮೂರು ಗಾಡಿ, ಒಂದು ಸಾವು. ಈ ಲೆಕ್ಕ ಮೊದಲ ಸಲ ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಆಮೇಲೆ, ಕೆಲವು ವರ್ಷ ಕಳೆದು, ಅದೇ ರಸ್ತೆಯಲ್ಲಿ ಅಂಥದೇ ಹವೆಯಲ್ಲಿ ನಮ್ಮ ಕಾರಿನ ಬೆನ್ನಿಗೂ ಒಂದು ಲಾರಿ ಬಂದು ಹೊಡೆಯಿತು. ಕಾರಿನಲ್ಲಿ ಇದ್ದವರು ಮಗಳು, ಅಳಿಯ, ನನ್ನ ಹೆಂಡತಿ ಮತ್ತು ನಾನು. ನಾಲ್ವರೂ ಇದ್ದೇವೆ. ಸುದ್ದಿ ತಿಳಿದು ದಾವಣಗೆರೆಯಿಂದ ಬಂದ ಫೋನುಗಳಲ್ಲೆಲ್ಲ ಒಂದೇ ಮಾತು: ದೇವರು ದೊಡ್ಡವನು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಜೀವಮಾನವೆಲ್ಲ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದವನಿಗೆ, ದೇವರು ಯಾವ ಯಾವ ಸಾಮಾನು ಬಳಸಿ ಕಾಪಾಡಿದ ಎನ್ನುವುದೂ ಗೊತ್ತಾಗಬೇಕು. ಆ ಸಾಮಾನುಗಳ ವಿಷಯವೇ ಇವತ್ತಿನ ಮಾತು. ಇದನ್ನು ಕೇಳುತ್ತಿರುವ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಇಂಥ ಚಳಿದೇಶದಲ್ಲಿ ಗಾಡಿ ಓಡಿಸುತ್ತಿರುತ್ತಾರೆ, ಅಪ್ಪ ಅಮ್ಮ ಮೊಮ್ಮಗುವಿನ ನೆಪದಲ್ಲಿ ಹೋಗಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಹಾಗಾಗಿ ಇದು ಪರದೇಶದ ಕಥೆಯಾದರೂ ಪೂರ್ತಿ ಪರರ ಕಥೆಯೇನಲ್ಲ.

ಮೊದಲು ರಸ್ತೆ. ಹಿಮದ ರಸ್ತೆ ಎಂದರೆ ನಮ್ಮ ಕಣ್ಣಿಗೆ ಬರುವುದು ಬೆಳ್ಳಗೆ ಹಾಸಿಕೊಂಡ ಸಿನಿಮಾದ ರಸ್ತೆ. ಅದಕ್ಕೆ ಜನ ಹೆದರುತ್ತಾರೆ, ನಿಧಾನ ಮಾಡುತ್ತಾರೆ. ಅದಕ್ಕಿಂತ ಕೆಟ್ಟದ್ದು ಡಾಂಬರಿನ ಮೇಲೆ ತೆಳ್ಳಗೆ ಕೂತ ಐಸು. ಅದಕ್ಕೆ ಬಣ್ಣವಿಲ್ಲ. ಕೆಳಗಿನ ಕರಿ ರಸ್ತೆ ಹಾಗೇ ಕಾಣುತ್ತದೆ. ಮಳೆ ಬಂದು ಒದ್ದೆಯಾಗಿದೆ ಎಂದುಕೊಂಡು ಹೋಗುತ್ತಿರುತ್ತೇವೆ. ಅದನ್ನು ಗುರುತಿಸಲು ಅಳಿಯ ಒಂದು ಉಪಾಯ ಹೇಳಿಕೊಟ್ಟ: ಮುಂದಿನ ಗಾಡಿಯ ಚಕ್ರದಿಂದ ನೀರು ಸಿಡಿಯುತ್ತಿದ್ದರೆ ಅದು ನೀರು, ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದೂ ಚಕ್ರದಿಂದ ಹನಿ ಏಳದಿದ್ದರೆ ಅದು ಐಸು. ಸೇತುವೆಗಳ ಮೇಲೆ ಇದು ಮೊದಲು ಕಟ್ಟುತ್ತದೆ. ನೆಲದ ಮೇಲಿನ ರಸ್ತೆಗೆ ಅಡಿಯಿಂದ ಮಣ್ಣಿನ ಬಿಸಿ ಸ್ವಲ್ಪ ಸಿಗುತ್ತದೆ, ಸೇತುವೆಗೆ ಮೇಲೂ ಗಾಳಿ, ಕೆಳಗೂ ಗಾಳಿ.

ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ 2021ರ ಫೆಬ್ರವರಿ 11ರಂದು ಆದದ್ದೂ ಇದೇ. ಬೆಳಗಿನ ಜಾವ, ಐ-35 ಪಶ್ಚಿಮ ಹೆದ್ದಾರಿಯ ಟೋಲ್ ಪಥಗಳಲ್ಲಿ, ಹೆಪ್ಪುಗಟ್ಟುವ ತುಂತುರು ಬಿದ್ದು ರಸ್ತೆ ಗಾಜಾಗಿತ್ತು. ಎರಡೂ ಕಡೆ ಕಾಂಕ್ರೀಟ್ ಗೋಡೆ, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಸುಮಾರು 130 ವಾಹನ ಗುದ್ದಿಕೊಂಡವು, ಆರು ಜನ ಸತ್ತರು. ಆ ರಸ್ತೆಗೆ ಉಪ್ಪುನೀರು ಸಿಂಪಡಿಸಿ ಸುಮಾರು 44 ಗಂಟೆ ಆಗಿತ್ತು ಎಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಹೇಳಿತು. ಟೆಕ್ಸಾಸ್ ಸೆಕೆಯ ಸೀಮೆ. ಅಲ್ಲಿನವರಿಗೆ ಐಸು ಅಪರೂಪ. ಮಿಷಿಗನ್ನಿನವರು ಹುಟ್ಟಿನಿಂದ ಅದರಲ್ಲೇ ಬೆಳೆದವರು. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ. ರಸ್ತೆಗೆ ಚೆಲ್ಲುವ ಉಪ್ಪು ಅಲ್ಲಿಂದಲೂ ಬರುತ್ತದೆ. ಆದರೂ 193 ಗಾಡಿ ಸಿಕ್ಕಿಬಿದ್ದವಲ್ಲ. ಉಪ್ಪಿಗೂ ಮಿತಿ ಇದೆ: ಸೊನ್ನೆಯ ಕೆಳಗೆ ಒಂಬತ್ತು ಡಿಗ್ರಿ ದಾಟಿದ ಮೇಲೆ ರಸ್ತೆಯಲ್ಲಿ ಅದರ ಕೆಲಸ ತೀರ ನಿಧಾನ.

ತಮಾಷೆ ಎಂದರೆ, ಕೊರೆಯುವ ಚಳಿಯ ಐಸಿಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನ ಐಸು ಹೆಚ್ಚು ಜಾರುತ್ತದೆ. ಕರಗಲು ಹವಣಿಸುತ್ತಿರುವ ಐಸಿನ ಮೈಮೇಲೆ ನೀರಿನ ಪೊರೆ ಇರುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳು ಕೇಳುತ್ತಿದ್ದರೆ, ಅವರಿಗೆ ಒಂದು ಸಣ್ಣ ಲೆಕ್ಕ. ಒಣ ಡಾಂಬರಿನಲ್ಲಿ ಟೈರಿನ ಘರ್ಷಣಾಂಕ ಸುಮಾರು 0.7. ಐಸಿನ ಮೇಲೆ 0.1, ಒದ್ದೆ ಐಸಾದರೆ ಅದಕ್ಕೂ ಕಡಿಮೆ. ಗಂಟೆಗೆ 100 ಕಿಲೋಮೀಟರಿನಲ್ಲಿ ಹೋಗುವ ಕಾರು ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ 56 ಮೀಟರಿನಲ್ಲಿ ನಿಲ್ಲುತ್ತದೆ. ಐಸಿನ ಮೇಲೆ ನಿಲ್ಲಲು ಹೆಚ್ಚುಕಡಿಮೆ 400 ಮೀಟರ್ ಬೇಕು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ದೊಡ್ಡ ಗಾಡಿ ಕೊಂಡವರು ತಮಗೆ ಇದು ಅನ್ವಯಿಸದು ಎಂದುಕೊಳ್ಳುತ್ತಾರೆ. ಆ ಬಲ ಹೊರಡುವುದಕ್ಕೆ ಉಪಯೋಗ. ನಿಲ್ಲುವುದಕ್ಕೆ ಎಲ್ಲರಿಗೂ ಇರುವುದು ಅದೇ ನಾಲ್ಕು ಟೈರು. ಅದಕ್ಕಾಗಿಯೇ ಚಳಿಗಾಲದ ಟೈರು ಎಂದು ಬೇರೆ ಮಾರುತ್ತಾರೆ. ಸಾಮಾನ್ಯ ಟೈರಿನ ರಬ್ಬರು ಏಳು ಡಿಗ್ರಿಗಿಂತ ಕೆಳಗೆ ಗಡಸಾಗುತ್ತದೆ, ಇದರದ್ದು ಮೆತ್ತಗೇ ಉಳಿಯುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 2008ರಲ್ಲೇ ಇದನ್ನು ಕಡ್ಡಾಯ ಮಾಡಿತು. ಮಿಷಿಗನ್ನಿನಲ್ಲಿ ಕಡ್ಡಾಯವಿಲ್ಲ. ಅಳಿಯ ತನ್ನ ಕಾರಿಗೆ ಹಾಕಿಸಿದ್ದ.

ಈಗ ನಮ್ಮ ಸಂಗತಿ. ಸಂಕ್ರಾಂತಿಯ ವಾರದ ಶನಿವಾರ. ಆನ್ ಆರ್ಬರ್ ಎಂಬ ಊರಿನಿಂದ ಕಲಮಜೂ ಹತ್ತಿರದ ಸ್ನೇಹಿತರ ಮನೆಗೆ ಹೊರಟಿದ್ದೆವು. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಎಳ್ಳುಬೆಲ್ಲದ ಸ್ಟೀಲ್ ಡಬ್ಬಿ. ಹೊರಡುವಾಗ ಮಗಳು ಹಿಂಬಾಗಿಲು ತೆಗೆದು ನನ್ನ ಸೀಟಿನ ಹೆಡ್‌ರೆಸ್ಟನ್ನು ಮೇಲಕ್ಕೆಳೆದು, “ಅಪ್ಪಾಜಿ, ಇದು ಕುತ್ತಿಗೆಗಲ್ಲ, ತಲೆಗೆ” ಎಂದು ಟಿಕ್ ಎನ್ನುವ ತನಕ ಏರಿಸಿದಳು. ಅಮ್ಮನದನ್ನೂ ಏರಿಸಿದಳು. ಬೆಲ್ಟು ಸ್ವೆಟರಿನ ಮೇಲೆ ಸಡಿಲ ಇದ್ದದ್ದನ್ನು ಕೆಳಕ್ಕೆ, ಸೊಂಟದ ಎಲುಬಿನ ಮೇಲೆ ಕೂರುವಂತೆ ಎಳೆದು ಬಿಗಿದಳು.

ಬ್ಯಾಟಲ್ ಕ್ರೀಕ್ ದಾಟುವ ತನಕ ಬಿಸಿಲಿತ್ತು. ಪಶ್ಚಿಮಕ್ಕೆ ಮಿಷಿಗನ್ ಸರೋವರ ಇದೆ, ಸರೋವರ ಎನ್ನುವುದಕ್ಕಿಂತ ಸಮುದ್ರವೇ ಸರಿ. ವಾಯವ್ಯದ ಕೊರೆಯುವ ಗಾಳಿ ಅದರ ಬೆಚ್ಚನೆಯ ನೀರಿನ ಮೇಲೆ ಹಾದುಬರುವಾಗ ತೇವ ಹೀರಿಕೊಂಡು, ದಡ ಮುಟ್ಟಿದ ಮೇಲೆ ಹಿಮವಾಗಿ ಸುರಿಯುತ್ತದೆ. ಅದು ಬರುವುದು ಪಟ್ಟಿ ಪಟ್ಟಿಯಾಗಿ: ಇಲ್ಲಿ ಬಿಸಿಲು, ಎರಡು ಮೈಲಿ ಮುಂದೆ ಕಣ್ಣುಕತ್ತಲೆ. ಇಂಥ ಹಿಮದ ಹೊಡೆತಕ್ಕೆಂದೇ ಅಲ್ಲಿನ ಹವಾಮಾನ ಇಲಾಖೆ 2018ರಿಂದ ಬೇರೆ ಎಚ್ಚರಿಕೆ ಕೊಡುತ್ತಿದೆ, ಆ ದಾರಿಯಲ್ಲಿರುವವರ ಮೊಬೈಲು ತಾನಾಗಿ ಅರಚಿಕೊಳ್ಳುತ್ತದೆ. ನಾಲ್ವರ ಫೋನೂ ಒಟ್ಟಿಗೆ ಕೂಗಿದವು. ಅಳಿಯ ಬ್ರೇಕ್ ಒತ್ತಲಿಲ್ಲ, ಆಕ್ಸಿಲರೇಟರಿನಿಂದ ಕಾಲು ತೆಗೆದ. ನಾಲ್ಕೂ ಮೂಲೆಯ ದೀಪ ಮಿಣುಕಲು ಬಿಟ್ಟ. ಆಮೇಲೆ ಕಿಟಕಿಯಾಚೆ ಏನೂ ಉಳಿಯಲಿಲ್ಲ. ಮುಂದೆ ಎಲ್ಲೋ ಕೆಂಪು ದೀಪಗಳು ಮಾತ್ರ.

ವೇಗ 15 ಕಿಲೋಮೀಟರಿಗೆ ಇಳಿದಿತ್ತು. ಮುಂದಿನ ಕಾರಿಗೂ ನಮಗೂ ಹತ್ತಾರು ಕಾರು ಹಿಡಿಸುವಷ್ಟು ಜಾಗ. ಇಷ್ಟು ದೂರ ಯಾಕೆ ಎಂದು ಕೇಳಿದೆ. “ನಮಗಲ್ಲ ಮಾವ, ಹಿಂದೆ ಬರೋನಿಗೆ ಬೇಕಾಗುತ್ತೆ” ಅಂದ. ಕಾಲೇಜಿನಲ್ಲಿ ಬ್ರೇಕಿನ ಪಾಠ ಎಷ್ಟೋ ಸಲ ಮಾಡಿದ್ದೇನೆ. ಮುಂದಿನ ಜಾಗ ಇರುವುದು ನಾವು ನಿಲ್ಲುವುದಕ್ಕೆ ಎಂದೇ ಪುಸ್ತಕದ ಲೆಕ್ಕ. ಹಿಂದಿನವನು ತಳ್ಳಿದಾಗ ನಾವು ಹೋಗಿ ಬೀಳುವುದಕ್ಕೂ ಅದೇ ಜಾಗ ಬೇಕು ಎಂಬುದು ಯಾವ ಪಠ್ಯದಲ್ಲೂ ಇರಲಿಲ್ಲ.

ಒಣ ರಸ್ತೆಯಲ್ಲಾದರೆ ಟೈರು ಕಿರುಚುತ್ತದೆ. ಐಸಿನ ಮೇಲೆ ಜಾರಿಬರುವ ಲಾರಿಗೆ ಸದ್ದೇ ಇಲ್ಲ. ಕೇಳಿಸಿದ್ದು ಹಾರನ್ನು, ಬಿಡದೆ ಒಂದೇ ಸಮ. ಆ ಚಾಲಕನ ಕೈಯಲ್ಲಿ ಉಳಿದಿದ್ದ ಯಂತ್ರ ಅದೊಂದೇ ಆಗಿತ್ತು, ಪುಣ್ಯಾತ್ಮ ಅದನ್ನು ಸರಿಯಾಗಿ ಬಳಸಿದ. ಅಳಿಯ ಕನ್ನಡಿ ನೋಡಿ, “ತಲೆ ಹಿಂದಕ್ಕೆ ಒತ್ತಿ, ತಿರುಗಬೇಡಿ” ಅಂದ. ಬ್ರೇಕಿನಿಂದ ಕಾಲು ತೆಗೆದು ಸ್ಟಿಯರಿಂಗ್ ಬಲಕ್ಕೆ, ರಸ್ತೆಯಂಚಿನ ಕಡೆಗೆ ತಿರುಗಿಸಿದ. ಲಾರಿ ನಮ್ಮ ಹಿಂಬದಿಯ ಎಡ ಮೂಲೆಗೆ ಹೊಡೆಯಿತು. ಆಮೇಲಿನದು ನನ್ನ ನೆನಪಿನಲ್ಲಿ ಕ್ರಮವಾಗಿಲ್ಲ. ಬೆನ್ನಿಗೆ ಯಾರೋ ಹಲಗೆಯಿಂದ ಬಡಿದ ಹಾಗೆ ಆಯಿತು. ಮುಖದ ಪಕ್ಕದಲ್ಲಿ ಏನೋ ಹಾರಿಹೋಯಿತು. ಕಾರು ಓರೆಯಾಗಿ ಜಾರುತ್ತ ರಸ್ತೆ ಬಿಟ್ಟು ಹಿಮ ತುಂಬಿದ ಹಳ್ಳಕ್ಕೆ ಮೂತಿ ಹೂತು ನಿಂತಿತು. ನಮ್ಮ ಎಡಗಡೆಯಲ್ಲಿ ಲಾರಿ ಹಾದುಹೋಗಿ, ಹಿಂದಿನ ಟ್ರೈಲರು ಬಾಗಿಲು ತೆರೆದಂತೆ ತಿರುಗಿ ರಸ್ತೆಗೆ ಅಡ್ಡ ನಿಂತಿತು.

ಈ ಹೊಡೆತವನ್ನು ನಾನು ಆಮೇಲೆ ಕಾಗದದ ಮೇಲೆ ಬಿಡಿಸಿ ನೋಡಿದ್ದೇನೆ. ಕಾರು 1.7 ಟನ್. ಲಾರಿ ಸರಕು ಸೇರಿ 30 ಟನ್ ಎಂದು ಹಿಡಿಯೋಣ. ಅಲ್ಲಿ ಸಾಮಾನ್ಯ ಮಿತಿ 80,000 ಪೌಂಡು, ಅಂದರೆ 36 ಟನ್. ಮಿಷಿಗನ್ನಿನಲ್ಲಂತೂ 11 ಆಕ್ಸಲ್ ಇದ್ದರೆ 1,64,000 ಪೌಂಡು, 74 ಟನ್ನಿನವರೆಗೆ ಬಿಡುತ್ತಾರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇಷ್ಟಿಲ್ಲ. ನಮ್ಮ ವೇಗ 15, ಅವನದು 45, ವ್ಯತ್ಯಾಸ 30 ಕಿಲೋಮೀಟರ್. ಎರಡೂ ಅಂಟಿಕೊಂಡು ಸಾಗಿದರೆ ಲಾರಿ ಕಳೆದುಕೊಳ್ಳುವುದು ಒಂದೂವರೆ ಕಿಲೋಮೀಟರಿನಷ್ಟು ವೇಗ, ಮಿಕ್ಕ 28 ಪೂರ್ತಿ ಕಾರಿನ ಪಾಲು. ಕಣ್ಣು ಮಿಟುಕಿಸುವುದರೊಳಗೆ ಕಾರಿನ ವೇಗ 43 ಆಗುತ್ತದೆ. ಅಂಥ ಕಾರು ಒಣ ರಸ್ತೆಯಲ್ಲಿ ಹತ್ತು ಮೀಟರಿನಲ್ಲಿ ನಿಲ್ಲುತ್ತದೆ, ಐಸಿನ ಮೇಲೆ 70 ಮೀಟರಿಗೂ ಹೆಚ್ಚು ಹೋಗುತ್ತದೆ. ಆ ಎಪ್ಪತ್ತು ಮೀಟರಿನೊಳಗೆ ಇನ್ನೊಂದು ಲಾರಿಯ ಹಿಂಭಾಗ ಇದ್ದಿದ್ದರೆ ನಾನು ಇವತ್ತು ಮೈಕಿನ ಮುಂದೆ ಇರುತ್ತಿರಲಿಲ್ಲ. ಸರಣಿ ಅಪಘಾತದಲ್ಲಿ ಎರಡು ಲಾರಿಗಳ ನಡುವೆ ಸಿಕ್ಕ ಕಾರಿಗೆ ಯಾವ ಬೆಲ್ಟೂ ಏರ್‌ಬ್ಯಾಗೂ ಸಾಲದು.

ಹಿಂದಿನಿಂದ ಗುದ್ದಿದಾಗ ಮೈಗೆ ಆಗುವುದೇನು? ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಇದ್ದಲ್ಲೇ ಇರುತ್ತದೆ. ನಡುವೆ ಇರುವ ಕುತ್ತಿಗೆ ಡೊಂಕಾಗುತ್ತದೆ. ಇದೆಲ್ಲ ಸೆಕೆಂಡಿನ ಹತ್ತನೇ ಒಂದು ಭಾಗದ ಆಟ, ಸ್ನಾಯು ಬಿಗಿಯಲು ಪುರುಸೊತ್ತಿಲ್ಲ. ತಲೆಯ ಹಿಂದೆ, ಹತ್ತಿರದಲ್ಲಿ, ತಲೆಯ ಎತ್ತರಕ್ಕೆ ಒಂದು ಆಧಾರ ಇದ್ದರೆ ತಲೆಯೂ ಬೆನ್ನಿನ ಜೊತೆಗೇ ಹೊರಡುತ್ತದೆ. ಆಧಾರ ಕೆಳಗಿದ್ದು ಕುತ್ತಿಗೆಗೆ ತಾಗುವಂತಿದ್ದರೆ ಅದರ ಮೇಲೇ ತಲೆ ಹಿಂದಕ್ಕೆ ಮುರಿದುಕೊಳ್ಳುತ್ತದೆ. ಅಮೆರಿಕದಲ್ಲಿ ಕಾರುಗಳ ಮುಂದಿನ ಸೀಟಿಗೆ ಹೆಡ್‌ರೆಸ್ಟನ್ನು ಕಡ್ಡಾಯ ಮಾಡಿದ್ದು 1969ರ ಜನವರಿಯಿಂದ. ಹಿಂದಿನ ಸೀಟಿಗೆ ಇವತ್ತಿಗೂ ಕಡ್ಡಾಯವಿಲ್ಲ. ತಲೆ ಒರಗಿಸಿ ನಿದ್ದೆ ಮಾಡಲು ಕೊಟ್ಟ ದಿಂಬು ಎಂದು ಅದನ್ನು ತಿಳಿದವರೇ ಹೆಚ್ಚು. ಕೆಲವರು ಹಿಂದೆ ಕೂತ ಮಕ್ಕಳಿಗೆ ಮುಂದಿನದು ಕಾಣಲಿ ಎಂದು ಕಿತ್ತು ಅಟ್ಟಕ್ಕೆ ಹಾಕುತ್ತಾರೆ.

ಕಾರನ್ನು ಎಳೆದುಹಾಕಿದ್ದ ಜಾಗಕ್ಕೆ ಎರಡು ದಿನ ಬಿಟ್ಟು ಅಳಿಯನ ಜೊತೆ ಹೋಗಿ ನೋಡಿದೆ. ಸಾಮಾನಿಡುವ ಭಾಗ ಎಡಗಡೆ ಪೂರ್ತಿ ಒಳಕ್ಕೆ ಮಡಿಸಿಕೊಂಡು ಹಿಂದಿನ ಸೀಟಿನ ಬೆನ್ನಿಗೆ ಬಂದು ನಿಂತಿತ್ತು. ತಗಡು ಅಲ್ಲಲ್ಲಿ ನೆರಿಗೆ ಹಿಡಿದಿತ್ತು. ಅದು ಮುದುಡಬೇಕೆಂದೇ ಹಾಗೆ ಕಟ್ಟಿರುತ್ತಾರೆ, ಗುದ್ದಿನ ಶಕ್ತಿ ತಗಡು ಮಡಿಸುವುದರಲ್ಲಿ ಖರ್ಚಾಗಲಿ ಎಂದು. ನಮ್ಮ ಸೀಟುಗಳ ಕಂಬಿ ಹಿಂದಕ್ಕೆ ಬಾಗಿತ್ತು. ಮುಂದಿನ ಗಾಜು ಒಳಗಿನಿಂದ ನಕ್ಷತ್ರದ ಆಕಾರಕ್ಕೆ ಒಡೆದಿತ್ತು, ನಡುವೆ ಒಂದು ಗುಂಡನೆಯ ಗುರುತು. ಎಳ್ಳುಬೆಲ್ಲದ ಡಬ್ಬಿಯದು. ಮುಖದ ಪಕ್ಕ ಹಾರಿದ್ದು ಅದೇ. ಹಿಂದೆ ಸುಮ್ಮನೆ ಇಟ್ಟ ಒಂದು ಡಬ್ಬಿ, ಮೂತಿ ಹಳ್ಳಕ್ಕೆ ಬಡಿದ ಕ್ಷಣ ಮಗಳ ಕಿವಿಯ ಹತ್ತಿರ ಹಾದು ಗಾಜಿಗೆ ಹೊಡೆದಿತ್ತು. ವಿಮೆಯವನು ಫೋಟೊ ತೆಗೆಯುವಾಗ ಡ್ಯಾಷ್‌ಬೋರ್ಡಿನ ಸಂದಿಯಲ್ಲೆಲ್ಲ ಬಿಳಿ ಎಳ್ಳು, ಕೊಬ್ಬರಿ ಚೂರು. ಇದೇನೆಂದು ಕೇಳಿದ. ಹಬ್ಬ ಎಂದೆವು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಅಲ್ಲಿ ಮೂರು ಸಾಲಿನ ದೊಡ್ಡ ಕಾರುಗಳು ನಮ್ಮವರಿಗೆ ಅಚ್ಚುಮೆಚ್ಚು. ಮುಂದೆ ಮಗ ಸೊಸೆ, ನಡುವೆ ಮಕ್ಕಳ ಸೀಟು, ಕಟ್ಟಕಡೆಯ ಸಾಲಿನಲ್ಲಿ ಊರಿಂದ ಬಂದ ಅಜ್ಜ ಅಜ್ಜಿ. ಆ ಸಾಲಿನ ಬೆನ್ನಿಗೂ ಹಿಂಬಾಗಿಲಿಗೂ ಎಷ್ಟೋ ಕಾರುಗಳಲ್ಲಿ ಒಂದು ಗೇಣು ಜಾಗ. ನಮ್ಮ ಕಾರಿನಲ್ಲಿ ಮುದುಡಿದ ಭಾಗ ಆ ಗೇಣಿಗಿಂತ ಬಹಳ ದೊಡ್ಡದಿತ್ತು. ಬೇರೆ ದಾರಿ ಇದ್ದಾಗ ಹೆದ್ದಾರಿಯ ಪ್ರಯಾಣಕ್ಕೆ ಆ ಸಾಲು ಬೇಡ ಎನ್ನಿ. ಮೊಮ್ಮಕ್ಕಳ ಪಕ್ಕ ಕೂರುತ್ತೇವೆ ಎಂದರೆ ಯಾರೂ ಬೇಸರಿಸುವುದಿಲ್ಲ.

ಬದುಕುವುದು ಸಾಯುವುದು ಎಷ್ಟೋ ಸಲ ಇತ್ಯರ್ಥವಾಗುವುದು ಮೊದಲ ಗುದ್ದಿನ ನಂತರ. ಕಾರು ನಿಂತ ಕೂಡಲೆ ನನ್ನ ಹೆಂಡತಿಯ ಕೈ ಬೆಲ್ಟಿನ ಗುಂಡಿಗೆ ಹೋಯಿತು. “ರೀ, ಇಳೀರಿ, ಬೆಂಕಿ ಹತ್ತೀತು” ಅಂದಳು. ಅಳಿಯ ತಿರುಗದೆಯೇ, “ಅತ್ತೆ, ಬೆಲ್ಟ್ ತೆಗೀಬೇಡಿ” ಎಂದು ಗದರಿದ. ಹಿಂದೆ, ಆ ಬಿಳಿ ಕತ್ತಲೆಯೊಳಗೆ, ಗಾಡಿಗಳು ಬಂದು ಬಡಿಯುವ ಸದ್ದು ಶುರುವಾಗಿತ್ತು. ಒಂದು, ಸ್ವಲ್ಪ ಬಿಟ್ಟು ಇನ್ನೊಂದು, ಆಮೇಲೆ ಎರಡು ಒಟ್ಟಿಗೆ. ಇಂಥ ಹೊತ್ತಿನಲ್ಲಿ ರಸ್ತೆಯ ಮೇಲೆ ನಿಂತ ಮನುಷ್ಯ ಅತ್ಯಂತ ಬಡಪಾಯಿ. ಹಾನಿ ನೋಡಲು ಇಳಿದವರು, ಫೋಟೊ ತೆಗೆಯಲು ಇಳಿದವರು, ಎರಡು ಗಾಡಿಗಳ ನಡುವೆ ನಿಂತು ವಾದ ಮಾಡುವವರು ಎರಡನೇ ಗುದ್ದಿಗೆ ಸಿಗುತ್ತಾರೆ. ಹಾಗೆಂದು ಯಾವಾಗಲೂ ಒಳಗೇ ಕೂತಿರಿ ಎಂದು ಹೇಳುವಂತೆಯೂ ಇಲ್ಲ. ಗಾಡಿ ಓಡುವಂತಿದ್ದರೆ ರಸ್ತೆಯಿಂದಾಚೆ ಒಯ್ಯಬೇಕು. ಹೊಗೆ, ಬೆಂಕಿ ಕಂಡರೆ ಇಳಿಯಲೇಬೇಕು. ಇಳಿದು ತಡೆಗಂಬಿಯ ಆಚೆಗೆ, ರಸ್ತೆಯಿಂದ ಚೆನ್ನಾಗಿ ದೂರ, ಒಂದೇ ಉಸಿರಿಗೆ ತಲುಪಬಹುದು ಎಂದು ಕಣ್ಣಿಗೆ ಕಾಣುತ್ತಿದ್ದರೆ ಇಳಿಯಬಹುದು. ಏನೂ ಕಾಣದಿದ್ದರೆ ಬೆಲ್ಟು ಕಟ್ಟಿ, ತಲೆ ಒರಗಿಸಿ, ಕೂತಿರುವುದೇ ಲೇಸು. ನಮ್ಮ ಅಳಿಯ ಲೆಕ್ಕ ಹಾಕಿದ್ದು ಹಾಗೆ, ಹಳ್ಳ ನಮ್ಮನ್ನು ಅರ್ಧ ಮರೆ ಮಾಡಿತ್ತು.

ಅವನು ಮಾಡಿದ ಇನ್ನೊಂದು ಕೆಲಸ ಎಂಜಿನ್ ಆರಿಸಿದ್ದು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಹೀಟರು ಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹೊಗೆ ಕೊಳವೆ ಇರುವುದು ಹಿಂದುಗಡೆ. ಅದು ಜಜ್ಜಿಹೋಗಿರಬಹುದು, ಹಿಮದಲ್ಲಿ ಹೂತಿರಬಹುದು. ಆಗ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆ ಬಂದಂತೆ ಆಗುತ್ತದೆ. ಹಿಮದಲ್ಲಿ ಸಿಕ್ಕಿದ ಕಾರುಗಳಲ್ಲಿ ಗಾಯವೊಂದೂ ಇಲ್ಲದೆ ಸತ್ತವರಿದ್ದಾರೆ. ಮಗಳು ಸೀಟಿನಡಿಯಿಂದ ಎರಡು ಕಂಬಳಿ ತೆಗೆದು ಕೊಟ್ಟಳು. ಚಳಿಗಾಲವೆಲ್ಲ ಅವು ಅಲ್ಲೇ ಇರುತ್ತವೆ, ಜೊತೆಗೆ ಸಣ್ಣ ಸಲಿಕೆ, ಟಾರ್ಚು, ಒಂದು ಚೀಲ ಮರಳು.

ಅಗ್ನಿಶಾಮಕ ದಳದವರು ಬಂದು ರಸ್ತೆಯ ಕಡೆಯ ಬಾಗಿಲು ಬಿಟ್ಟು ಆಚೆ ಕಡೆಯದನ್ನು ತೆಗೆಸಿ, ಹೊಲದ ಬೇಲಿಯ ಬದಿಯಿಂದ ನಡೆಸಿಕೊಂಡು ಹೋದರು. ಬಸ್ಸಿನಲ್ಲಿ ಒಂದು ಶಾಲೆಯ ಆಟದ ಸಭಾಂಗಣಕ್ಕೆ ಸಾಗಿಸಿದರು. ನನಗೆ ನೋವೇ ಇರಲಿಲ್ಲ, ಎಲ್ಲರಿಗೂ ಹಾಗೇ ಹೇಳಿದೆ. ಮರುದಿನ ಬೆಳಿಗ್ಗೆ ಕುತ್ತಿಗೆ ತಿರುಗಲಿಲ್ಲ. ಗಾಬರಿಯಲ್ಲಿ ಮೈ ಒಸರುವ ರಸ ನೋವನ್ನು ಕೆಲಹೊತ್ತು ಮುಚ್ಚಿಡುತ್ತದೆ. ಅದಕ್ಕೇ ಅಲ್ಲಿನ ದಾದಿ ಆ ಸಂಜೆಯೇ ಹೇಳಿದ್ದಳು, ಏನೂ ಆಗಿಲ್ಲ ಎಂದು ಯಾವ ಕಾಗದಕ್ಕೂ ಇವತ್ತು ಸಹಿ ಹಾಕಬೇಡಿ, ಎರಡು ದಿನ ನೋಡಿ ಎಂದು.

ಆ ಸಭಾಂಗಣದಲ್ಲಿ ಲಾರಿಯ ಚಾಲಕನೂ ಇದ್ದ. ಷಿಕಾಗೊ ಕಡೆಯವನು, ಪೂರ್ವ ಯೂರೋಪಿನಿಂದ ಬಂದು ನೆಲೆಸಿದವನು, ನಮ್ಮ ಅಳಿಯನ ವಯಸ್ಸಿನವನೇ. ಸಕ್ಕರೆಯ ಪೊಟ್ಟಣ ಹರಿಯಲು ಹೋಗಿ ಕೈ ನಡುಗಿ ಬಿಟ್ಟುಬಿಟ್ಟ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ದೊಡ್ಡತನ ಎಂದುಕೊಳ್ಳಬೇಡಿ, ನನಗೆ ಅವನ ಬ್ರೇಕು ಗೊತ್ತು. ಲಾರಿಯದು ಗಾಳಿಯ ಬ್ರೇಕು, ಒತ್ತಿದ ಮೇಲೆ ಗಾಳಿ ಕೊಳವೆಗುಂಟ ಹರಿದು ಹಿಡಿಯಲು ತುಸು ಹೊತ್ತು ಬೇಕು. ಐಸಿನ ಮೇಲೆ ಜೋರಾಗಿ ಒತ್ತಿದರೆ ಮುಂದಿನ ಎಂಜಿನ್ ಗಾಡಿ ಒಂದು ಕಡೆ, ಹಿಂದಿನ ಟ್ರೈಲರು ಒಂದು ಕಡೆ. ಖಾಲಿ ಟ್ರೈಲರಂತೂ ಇನ್ನೂ ಬೇಗ ತಿರುಗುತ್ತದೆ. ಹಾಗಾದರೆ ತಪ್ಪು ಯಾರದೂ ಅಲ್ಲವೇ? ಕಾನೂನು ಹಾಗೆ ಬಿಡುವುದಿಲ್ಲ. ಮಿಷಿಗನ್ನಿನ ಕಾನೂನಿನಲ್ಲಿ ಹಿಂದಿನಿಂದ ಗುದ್ದಿದವನದೇ ಮೇಲ್ನೋಟಕ್ಕೆ ನಿರ್ಲಕ್ಷ್ಯ. ಇಲ್ಲ ಎಂದು ತೋರಿಸುವ ಹೊಣೆ ಅವನದು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲಾಗದ ವೇಗದಲ್ಲಿ ಯಾರೂ ಓಡಿಸಕೂಡದು. ಲಾರಿಯವರಿಗಂತೂ ಕೇಂದ್ರದ ನಿಯಮವೇ ಬೇರೆ ಇದೆ: ಹಿಮ, ಐಸು, ಮಂಜು ಇದ್ದಾಗ ವೇಗ ತಗ್ಗಿಸಬೇಕು, ತೀರ ಅಪಾಯವಾದರೆ ಗಾಡಿಯನ್ನೇ ನಿಲ್ಲಿಸಬೇಕು. ಬರೆದವರು ಒಳ್ಳೆಯವರು. ಆದರೆ ಅವನಿಗೆ ದುಡ್ಡು ಸಿಗುವುದು ಓಡಿಸಿದ ಮೈಲಿಗೆ. ನಿಂತ ಗಂಟೆಗೆ ಬಿಡಿಗಾಸಿಲ್ಲ. ನಿಯಮ ಮತ್ತು ಕೂಲಿ ಬೇರೆ ಬೇರೆ ದಿಕ್ಕಿಗೆ ಎಳೆದರೆ ಯಾವುದು ಗೆಲ್ಲುತ್ತದೆ ಎಂದು ನಮ್ಮ ಹುಬ್ಬಳ್ಳಿ ದಾವಣಗೆರೆಯ ಲಾರಿ ಚಾಲಕರನ್ನು ಕೇಳಿದರೂ ಹೇಳುತ್ತಾರೆ.

ಇನ್ನೊಂದು ಬಗೆಯೂ ಇದೆ, ಕಾರೇ ಹೋಗಿ ಲಾರಿಯ ಬೆನ್ನಿಗೆ ಹೊಡೆಯುವುದು. ಅದು ಇನ್ನೂ ಘೋರ. ಟ್ರೈಲರಿನ ಅಡಿ ನೆಲದಿಂದ ಎದೆಮಟ್ಟ ಎತ್ತರದಲ್ಲಿರುತ್ತದೆ. ಕಾರಿನ ಬಂಪರು ಅದರಡಿ ನುಗ್ಗಿ, ಟ್ರೈಲರಿನ ಅಂಚು ನೇರ ಗಾಜಿಗೆ ಬರುತ್ತದೆ. 1967ರ ಜೂನ್ 29ರ ಬೆಳಗಿನ ಜಾವ ಲೂಸಿಯಾನಾದಲ್ಲಿ ಸಿನಿಮಾ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಸತ್ತದ್ದು ಹಾಗೆ. ಅಲ್ಲಿ ಐಸಿರಲಿಲ್ಲ, ಸೊಳ್ಳೆಗೆ ಹೊಡೆದ ಹೊಗೆ ಇತ್ತು, ಮುಂದಿನ ಲಾರಿ ಅದಕ್ಕೇ ನಿಧಾನ ಮಾಡಿತ್ತು. ಮುಂದೆ ಕೂತಿದ್ದ ಮೂವರು ದೊಡ್ಡವರು ಸತ್ತರು, ಹಿಂದೆ ಮಲಗಿದ್ದ ಮೂವರು ಮಕ್ಕಳು ಉಳಿದರು. ಟ್ರೈಲರಿನ ಹಿಂದೆ ಕೆಳಕ್ಕೆ ಇಳಿಬಿಟ್ಟಿರುವ ಅಡ್ಡ ಸರಳಿಗೆ ಜನ ಇವತ್ತಿಗೂ ಆಕೆಯ ಹೆಸರು ಹೇಳುತ್ತಾರೆ. ಆದರೆ ಗಟ್ಟಿ ಸರಳು ಬೇಕೆಂಬ ನಿಯಮ ಅಮೆರಿಕದಲ್ಲಿ ಬಂದದ್ದು 1996ರಲ್ಲಿ, ಹೊಸ ಟ್ರೈಲರುಗಳಿಗೆ ಜಾರಿಯಾದದ್ದು 1998ರಲ್ಲಿ. ಆಕೆ ಸತ್ತು ಮೂವತ್ತು ವರ್ಷ ದಾಟಿತ್ತು. ಆ ಸರಳೂ ಸಾಲದು ಎಂದು ತೋರಿಸಿದವರು ಅಲ್ಲಿನ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆಯವರು. ಗಂಟೆಗೆ 56 ಕಿಲೋಮೀಟರಿನಲ್ಲಿ ಕಾರನ್ನು ಟ್ರೈಲರಿಗೆ ಗುದ್ದಿಸಿ ನೋಡಿದರು. ನಡುಮಧ್ಯಕ್ಕೆ ಹೊಡೆದಾಗ ತಡೆದ ಸರಳುಗಳಲ್ಲಿ ಹೆಚ್ಚಿನವು ಮೂಲೆಗೆ ಹೊಡೆದಾಗ ಬಾಗಿ ಒಳಗೆ ಹೋದವು. ಆ ವಿಡಿಯೊಗಳು ಕಾನೂನಿಗಿಂತ ಮುಂಚೆ ತಯಾರಕರನ್ನು ತಿದ್ದಿದವು. ಕಾನೂನು 2022ರಲ್ಲಿ ಬಿಗಿಯಾಯಿತು.

ನಮ್ಮಲ್ಲಿ ಐಸಿಲ್ಲ. ಆದರೆ ಮಂಡ್ಯದಲ್ಲಿ, ಬೆಳಗಾವಿಯಲ್ಲಿ ಕಬ್ಬು ಕಡಿಯುವ ಕಾಲಕ್ಕೆ, ಹಿಂದೆ ಒಂದು ದೀಪವೂ ಇಲ್ಲದ ಎರಡೆರಡು ಟ್ರೈಲರು ಎಳೆದುಕೊಂಡು ಹೋಗುವ ಟ್ರಾಕ್ಟರಿನ ಹಿಂದೆ ಮಂಜು ಕವಿದ ರಾತ್ರಿ ಕಾರು ಓಡಿಸಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಹೆದ್ದಾರಿಯ ಪಕ್ಕ ಕೆಟ್ಟು ನಿಂತ ಲಾರಿಗೆ ಗುರುತೆಂದರೆ ಎರಡು ಕಲ್ಲು, ಒಂದು ಸೊಪ್ಪಿನ ಕೊಂಬೆ. ಪ್ರತಿಫಲಿಸುವ ತ್ರಿಕೋನ ಗಾಡಿಯ ಜೊತೆಗೇ ಬಂದಿರುತ್ತದೆ, ಸೀಟಿನಡಿ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿರುತ್ತದೆ. ಹಿಂದಿನ ಸೀಟಿನವರೂ ಬೆಲ್ಟು ಕಟ್ಟಬೇಕೆಂಬ ನಿಯಮ ನಮ್ಮಲ್ಲೂ ಎಷ್ಟೋ ವರ್ಷದಿಂದ ಇದೆ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಕೂತು ಪಾಲ್ಘರ್ ಹತ್ತಿರ ತೀರಿಕೊಂಡಾಗ ಒಂದೆರಡು ವಾರ ಅದರ ಚರ್ಚೆ ನಡೆಯಿತು.

ನಾವು ಊರಿಗೆ ಮರಳಿದ್ದು ಮಾರ್ಚಿನಲ್ಲಿ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ದಾವಣಗೆರೆಗೆ ಟ್ಯಾಕ್ಸಿ. ಹಿಂದಿನ ಸೀಟಿಗೆ ರೆಕ್ಸಿನ್ ಕವರು ಹೊಲಿಸಿದ್ದರು, ಬೆಲ್ಟಿನ ಕೊಂಡಿ ಅದರಡಿ ಸೇರಿತ್ತು. “ಹಿಂದೆ ಯಾರೂ ಹಾಕಲ್ಲ ಸಾರ್, ಪೊಲೀಸರೂ ಕೇಳಲ್ಲ” ಅಂದ ಚಾಲಕ. ನನ್ನ ಹೆಂಡತಿ ನೆಲಮಂಗಲ ದಾಟುತ್ತಲೇ ಗಾಡಿ ನಿಲ್ಲಿಸಿ, ಕವರು ಬಿಚ್ಚಿ ಕೊಂಡಿ ತೆಗೆಯುವ ತನಕ ಮುಂದೆ ಹೋಗಕೂಡದು ಎಂದು ಕೂತಳು. ಚಾಲಕ ಗೊಣಗುತ್ತ ಹೊಲಿಗೆ ಬಿಚ್ಚಿದ. ಒಂದು ಕೊಂಡಿ ಸಿಕ್ಕಿತು. ಇನ್ನೊಂದು ತುಕ್ಕು ಹಿಡಿದು ಕಚ್ಚುತ್ತಲೇ ಇರಲಿಲ್ಲ. ನಾನು ಮುಂದಿನ ಸೀಟಿಗೆ ಹೋದೆ.